ವೈರಿಂಗ್ ತಪಾಸಣೆಯ ಅರ್ಹತೆಗೆ ತರಗತಿಯೋ, ಕೆಲಸದ ಅನುಭವವೋ?

ಬ್ರಿಟನ್ನಿನಲ್ಲಿ ವೈರಿಂಗ್ ತಪಾಸಣೆಗಾಗಿ ಸಿಟಿ ಆ್ಯಂಡ್ ಗಿಲ್ಡ್ಸ್ ಎಂಬ ಸಂಸ್ಥೆ ನೀಡುವ 2391 ಅರ್ಹತೆ ಪಡೆಯಬಯಸುವ ಎಲೆಕ್ಟ್ರಿಷಿಯನ್ನರಿಗೆ ತರಗತಿಯು ಕ್ರಮವನ್ನು ಕಲಿಸುತ್ತದೆ. ಮೊದಲು ವಿದ್ಯುತ್ ಸಂಪರ್ಕ ತಪ್ಪಿಸಿ, ತಂತಿಗಳ ನಿರಂತರತೆ (ಎಲ್ಲೂ ತುಂಡಾಗಿಲ್ಲವೇ ಎಂದು) ನೋಡಿ, ಬಳಿಕ 500 ವೋಲ್ಟ್ ಡಿಸಿಯಲ್ಲಿ ಇನ್ಸುಲೇಷನ್ ರೋಧ (ತಂತಿಯ ಹೊದಿಕೆ ವಿದ್ಯುತ್ ಸೋರಿಕೆಯನ್ನು ಎಷ್ಟು ತಡೆಯುತ್ತದೆ ಎಂಬುದು) ಅಳೆಯಬೇಕು. 230 ವೋಲ್ಟ್ ಸರ್ಕ್ಯೂಟಿಗೆ ಅದು ಕನಿಷ್ಠ 1 ಮೆಗಾಓಮ್ ಇರಬೇಕೆಂಬುದು ಬ್ರಿಟನ್ನಿನ ವೈರಿಂಗ್ ಮಾನದಂಡವಾದ ಬಿಎಸ್ 7671ರ ನಿಯಮ. ಆದರೆ ತರಗತಿಯಲ್ಲಿ ಅಭ್ಯಾಸಕ್ಕಿಟ್ಟ ವೈರಿಂಗ್ ಹಲಗೆಯ ಮೇಲಿನ ದೋಷವನ್ನು ಬೋಧಕರೇ ಇಟ್ಟಿರುತ್ತಾರೆ. ಹಳೆಯ ಮನೆಯಲ್ಲಿ ಮೀಟರ್ ತೀರಾ ಕಡಿಮೆ ರೋಧ ತೋರಿಸಿದಾಗ ಕೇಬಲ್ಲೇ ಕೆಟ್ಟಿದೆಯೋ, ಕಳಚಲು ಮರೆತ ದೀಪವೋ ಡಿಮ್ಮರೋ ಸರ್ಕ್ಯೂಟಿನಲ್ಲಿ ಉಳಿದಿದೆಯೋ ಎಂದು ಗುರುತಿಸುವ ಚಾಕಚಕ್ಯತೆ ಕೆಲಸದಿಂದಲೇ ಬರುವಂಥದ್ದು. ಹಾಗೆಂದು ಅನುಭವವೊಂದನ್ನೇ ನಂಬಿದರೆ ಹಿರಿಯರ ಅಡ್ಡದಾರಿಗಳೂ (ಅಳೆಯದೆಯೇ ಅಂಕಿ ತುಂಬುವುದೂ ಸೇರಿದಂತೆ) ಜೊತೆಗೇ ಅಂಟಿಕೊಳ್ಳುತ್ತವೆ. ವೈರಿಂಗ್‌ನಲ್ಲಿ ಪಳಗಿದವರು ನೇರವಾಗಿ ಕೋರ್ಸಿಗೆ ಸೇರಬಹುದು. ಮೀಟರನ್ನು ಕೈಯಲ್ಲಿ ಹಿಡಿದೇ ನೋಡದವರು ಮೊದಲು ಕೆಲವು ತಿಂಗಳು ಪರಿಣತರೊಬ್ಬರ ಜೊತೆ ದುಡಿಯುವುದು ಮೇಲು.