ದಾರದ ವಾಲ್ಯೂಮ್ ಪೆಡಲ್ ಜೊತೆ ಆರು ವರ್ಷ

ನಮ್ಮ ತಂಡದ ಕೀಬೋರ್ಡ್ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋಗದೇ ಇದ್ದಿದ್ದರೆ ಕಾಲಲ್ಲಿ ಒತ್ತಿ ಗಿಟಾರಿನ ಸದ್ದು ಏರಿಳಿಸುವ ಈ ಪೆಡಲ್ ನಾನು ಕೊಳ್ಳುತ್ತಲೇ ಇರಲಿಲ್ಲ. ತುಮಕೂರಿನಲ್ಲಿ ನಮ್ಮದು ಸಣ್ಣ ತಂಡ. ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ. ಮಿಕ್ಕ ದಿನಗಳಲ್ಲಿ ಭಾವಗೀತೆ ಕಾರ್ಯಕ್ರಮ. ಭಾವಗೀತೆಗೆ ಹಿಂದಿನಿಂದ ಉದ್ದಕ್ಕೆ ಸ್ಟ್ರಿಂಗ್ಸ್ (ಪಿಟೀಲು ಗುಂಪಿನಂಥ ಸದ್ದು) ಹಿಡಿಯುವವರೊಬ್ಬರು ಬೇಕೇ ಬೇಕು. ಅದಿಲ್ಲದಿದ್ದರೆ ಹಾಡು ಬರಿಮೈಯಲ್ಲಿ ನಿಂತ ಹಾಗೆ. ಹುಡುಗ ಹೋದ ಮೇಲೆ ಗಾಯಕಿ ನನ್ನ ಕಡೆ ತಿರುಗಿ, "ನೀವೇ ಗಿಟಾರಲ್ಲಿ ಏನಾದ್ರೂ ಮಾಡಿ ಅಣ್ಣಾ" ಅಂದರು.

ಗಿಟಾರಿನ ಸ್ವಭಾವ ಗೊತ್ತಲ್ಲ. ತಂತಿ ಮೀಟಿದ ಕ್ಷಣ 'ಟಂಗ್' ಎಂದು ಜೋರಾಗಿ ಎದ್ದು, ಆಮೇಲೆ ಇಳಿಯುತ್ತಾ ಹೋಗುತ್ತದೆ. ಪಿಟೀಲು ಇದರ ತಿರುಗಾಮುರುಗಾ. ಕಮಾನು ಎಳೆದ ಹಾಗೆ ಸ್ವರ ಮೆಲ್ಲಗೆ ಹುಟ್ಟಿ ತುಂಬಿಕೊಳ್ಳುತ್ತದೆ. ವಾಲ್ಯೂಮ್ ಸ್ವೆಲ್ ಅಂದರೆ ಗಿಟಾರಿಗೆ ಆ ಬುದ್ಧಿ ಕಲಿಸುವುದು. ಸದ್ದು ಸೊನ್ನೆಯಲ್ಲಿದ್ದಾಗ ಮೀಟಬೇಕು, ಮೀಟಿದ ಮೇಲೆ ತೆರೆಯಬೇಕು. 'ಟಂಗ್' ಯಾರಿಗೂ ಕೇಳುವುದಿಲ್ಲ. ಹಿಂದೆ ಸ್ವರವನ್ನು ಮರುಕಳಿಸುವ ಡಿಲೇ, ದೊಡ್ಡ ಹಾಲಿನ ಗುಂಗು ಕೊಡುವ ರಿವರ್ಬ್ ಇದ್ದರೆ ಕೀಬೋರ್ಡ್ ಇಲ್ಲ ಎಂಬುದು ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ.

ಇದಕ್ಕೆ ದುಡ್ಡು ಖರ್ಚು ಮಾಡಲೇಬೇಕು ಅಂತೇನಿಲ್ಲ. ಗಿಟಾರಿನ ವಾಲ್ಯೂಮ್ ನಾಬ್ ಮತ್ತು ಬಲಗೈಯ ಕಿರುಬೆರಳು ಸಾಕು. ನನ್ನದು ಸ್ಟ್ರಾಟ್ ಮಾದರಿ. 1954ರಲ್ಲಿ ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಬಂದಾಗಿನಿಂದ ಅದರ ವಾಲ್ಯೂಮ್ ನಾಬ್ ತಂತಿಗಳ ಪಕ್ಕದಲ್ಲೇ ಇದೆ. ಪಿಕ್ (ತಂತಿ ಮೀಟುವ ಬಿಲ್ಲೆ) ಹಿಡಿದ ಕೈಯ ಕಿರುಬೆರಳು ತಾನಾಗಿಯೇ ಅದಕ್ಕೆ ಸಿಗುತ್ತದೆ. ಲೆಸ್ ಪಾಲ್ ಮಾದರಿಯ ಗಿಟಾರ್ ಇಟ್ಟುಕೊಂಡವರಿಗೆ ಸ್ವಲ್ಪ ಕಷ್ಟ, ನಾಬ್‌ಗಳು ದೂರ. ಟೆಲಿಕ್ಯಾಸ್ಟರ್‌ನಲ್ಲೂ ಕೈ ಚಾಚಬೇಕು. ಆದರೂ ಅಮೆರಿಕದ ಗಿಟಾರ್ ವಾದಕ ರಾಯ್ ಬುಕಾನನ್ ಆ ಟೆಲಿಯಲ್ಲೇ ಕಿರುಬೆರಳಿಂದ ಅಳುವ ಹಾಗೆ ನುಡಿಸುತ್ತಿದ್ದರು, ಹಾಗಾಗಿ ಗಿಟಾರನ್ನು ದೂರುವ ಹಾಗಿಲ್ಲ. ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ 1982ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಎಡಗೈಯಲ್ಲಿ ಬರೀ ತಂತಿ ಬಡಿದು ಸ್ವರ ಎಬ್ಬಿಸಿದರು, ಬಲಗೈಗೆ ನಾಬ್ ತಿರುಗಿಸುವುದೊಂದೇ ಕೆಲಸ. ಹಿಂದೆ ಎಕೋ ಸೇರಿ ಚರ್ಚಿನ ಆರ್ಗನ್ ಥರ ಕೇಳಿಸುತ್ತದೆ.

ನಾಬ್ ವಿಧಾನದಲ್ಲಿ ಒಂದು ತೊಂದರೆ ಇದೆ. ವಾಲ್ಯೂಮ್ ಇಳಿಸಿದಾಗ ಸದ್ದಿನ ಜೊತೆ ಟ್ರೆಬಲ್ (ಸ್ವರದ ಚುರುಕು ಭಾಗ) ಕೂಡ ಹೋಗಿ ಸ್ವರ ಕಂಬಳಿ ಹೊದ್ದ ಹಾಗಾಗುತ್ತದೆ. ಸ್ವೆಲ್ ಶುರುವಾಗುವಾಗ ಮಂಕು, ಮೇಲೆ ಬಂದಾಗ ಚುರುಕು. ಕೆಲವರಿಗೆ ಅದೇ ಇಷ್ಟ. ನನಗೆ ಆಗಲಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದಾಗ 1000 ಪಿಕೋಫ್ಯಾರಡ್‌ನ ಒಂದು ಕೆಪಾಸಿಟರ್ ತಂದೆ, ಮೇಲೆ '102' ಎಂದು ಬರೆದಿರುತ್ತದೆ. ಜೊತೆಗೆ 150 ಕಿಲೋಓಮ್‌ನ ಒಂದು ರೆಸಿಸ್ಟರ್. ಎರಡನ್ನೂ ಅಕ್ಕಪಕ್ಕ ಸೇರಿಸಿ, ನಾಬ್ ಕೆಳಗೆ ತಿರುಗುವ ವಾಲ್ಯೂಮ್ ಪಾಟ್‌ಗೆ ಸಿಗ್ನಲ್ ಬರುವ ಕಾಲು ಮತ್ತು ಹೊರಗೆ ಹೋಗುವ ಮಧ್ಯದ ಕಾಲಿನ ನಡುವೆ ಬೆಸುಗೆ ಹಾಕಿದೆ. ಇದಕ್ಕೆ ಟ್ರೆಬಲ್ ಬ್ಲೀಡ್ ಅನ್ನುತ್ತಾರೆ, ಸದ್ದು ಇಳಿಸಿದರೂ ಟ್ರೆಬಲ್ ಉಳಿಯುತ್ತದೆ. ಒಂದು ಕಾಫಿ ದುಡ್ಡಲ್ಲಿ ಆಗುವ ಕೆಲಸ. ಈ ಆರು ವರ್ಷದಲ್ಲಿ ಮಾಡಿದ ಖರ್ಚಿನಲ್ಲೆಲ್ಲ ಹೆಚ್ಚು ಬೆಲೆ ಬಂದಿದ್ದು ಇದಕ್ಕೇ.

ಹಾಗಾದರೆ ಪೆಡಲ್ ಯಾಕೆ? ಕಿರುಬೆರಳು ನಾಬ್‌ಗೆ ಸಿಕ್ಕಿಹಾಕಿಕೊಂಡಾಗ ಬಲಗೈಗೆ ಸ್ವಾತಂತ್ರ್ಯ ಇರುವುದಿಲ್ಲ. ಒಂದೊಂದೇ ಸ್ವರಕ್ಕೆ ಪರವಾಗಿಲ್ಲ. ಆರು ತಂತಿಯ ಕಾರ್ಡ್ (ಸ್ವರಗಳ ಗುಚ್ಛ) ಒಟ್ಟಿಗೆ ಎಳೆದು, ತಕ್ಷಣ ನಾಬ್ ತಿರುಗಿಸಿ, ಮತ್ತೆ ಮುಚ್ಚಿ, ಮತ್ತೆ ಎಳೆಯಬೇಕೆಂದರೆ ಕೈ ಪರದಾಡುತ್ತದೆ. ಎರಡು ಸಲ ವೇದಿಕೆ ಮೇಲೆ ಪಿಕ್ ಕೆಳಗೆ ಬಿತ್ತು. ಮೂರನೇ ಸಲ ಬೀಳುವ ಮೊದಲು ಪೆಡಲ್ ತಂದೆ.

ಸೆಕೆಂಡ್‌ಹ್ಯಾಂಡ್, 5,000 ರೂಪಾಯಿ. ಕಂಪನಿ ಹೆಸರು ಹೇಳುವುದಿಲ್ಲ. ಬೈಯುವ ವಿಷಯಗಳೂ ಇವೆ, ನನ್ನೊಬ್ಬನ ಅನುಭವದಿಂದ ಯಾರ ಹೆಸರೂ ಕೆಡುವುದು ಬೇಡ. ಅಲ್ಯೂಮಿನಿಯಂ ಮೈ, ಬ್ಯಾಟರಿ ಬೇಡ, ಕರೆಂಟ್ ಬೇಡ. ಒಳಗೆ 250ಕೆ (ಕಿಲೋಓಮ್) ಪಾಟ್. ಅದರ ಕಂಬಿಗೆ ಒಂದು ದಾರ ಸುತ್ತಿ, ಒಂದು ಸ್ಪ್ರಿಂಗ್ ಕೊಟ್ಟು, ದಾರದ ತುದಿಗಳನ್ನು ಕಾಲಿಡುವ ಹಲಗೆಗೆ ಕಟ್ಟಿರುತ್ತಾರೆ. ಹಲಗೆ ಆಡಿದರೆ ದಾರ ಎಳೆಯುತ್ತದೆ, ಪಾಟ್ ತಿರುಗುತ್ತದೆ. ಬಾವಿ ರಾಟೆಯ ಲೆಕ್ಕ, ಅಷ್ಟೇ.

ಕೊಳ್ಳುವವರು ಮೊದಲು ನೋಡಬೇಕಾದ್ದು ಆ 250ಕೆ ಅನ್ನುವ ಸಂಖ್ಯೆ. ಅಂಗಡಿಯಲ್ಲಿ ಇದನ್ನು ಹೇಳುವವರು ಕಮ್ಮಿ. ಗಿಟಾರಿನಿಂದ ನೇರ ಪೆಡಲ್‌ಗೆ ಬರುವುದಾದರೆ 250ಕೆ ಅಥವಾ 500ಕೆ ಬೇಕು. 25ಕೆ ಪೆಡಲ್ ಹಾಕಿದರೆ ಅದು ತಂತಿಯ ಕಂಪನ ಹಿಡಿಯುವ ಪಿಕಪ್‌ನ ಮೇಲೆ ಕೂತುಬಿಡುತ್ತದೆ, ಸದ್ದು ಸಣ್ಣದು, ಮಂಕು. ಬಫರ್ (ಸಿಗ್ನಲ್‌ಗೆ ಬಲ ಕೊಡುವ ಸರ್ಕ್ಯೂಟ್) ಇರುವ ಯಾವುದಾದರೂ ಪೆಡಲ್ ಆದ ಮೇಲೆ ಇಡುವುದಾದರೆ, ಇಲ್ಲವೇ ಗಿಟಾರಿನಲ್ಲಿ ಬ್ಯಾಟರಿಯಿಂದ ನಡೆಯುವ ಆ್ಯಕ್ಟಿವ್ ಪಿಕಪ್ ಇದ್ದರೆ, 25ಕೆ ಸರಿ. ಬಫರ್ ಆದ ಮೇಲೆ 250ಕೆ ಇಟ್ಟರೂ ಕೆಲಸ ಮಾಡುತ್ತದೆ. ಆದರೆ ಹಲಗೆ ಅರ್ಧದಲ್ಲಿ ನಿಂತಾಗ ಅದರಾಚೆ ಉದ್ದದ ಕೇಬಲ್ ಇದ್ದರೆ ಟ್ರೆಬಲ್ ತಿಂದುಹಾಕುತ್ತದೆ. ನನ್ನ ಪೆಡಲ್, ಸದ್ದನ್ನು ಒಡೆದು ಕೊಳೆ ಮಾಡುವ ಓವರ್‌ಡ್ರೈವ್ ಆದ ಮೇಲಿದೆ. ಅದಕ್ಕೇ ಅದರಿಂದ ಡಿಲೇಗೆ ಒಂದು ಗೇಣಿನ ಕೇಬಲ್ ಮಾತ್ರ ಇಟ್ಟಿದ್ದೇನೆ.

ಎಲ್ಲಿಡಬೇಕು ಎನ್ನುವುದಕ್ಕೂ ಕಾರಣ ಇದೆ. ಓವರ್‌ಡ್ರೈವ್‌ಗಿಂತ ಮೊದಲು ಇಟ್ಟರೆ ಅದು ಗಿಟಾರಿನ ನಾಬ್ ಥರವೇ. ಕಾಲು ಇಳಿದ ಹಾಗೆ ಕೊಳೆಯೂ ಇಳಿದು ಕ್ಲೀನ್ ಆಗುತ್ತದೆ. ಆಮೇಲೆ ಇಟ್ಟರೆ ಕೊಳೆ ಹಾಗೇ ಉಳಿದು ಸದ್ದು ಮಾತ್ರ ಏರಿಳಿಯುತ್ತದೆ. ಸ್ವೆಲ್‌ಗೆ ನನಗೆ ಎರಡನೆಯದೇ ಬೇಕು. ಓವರ್‌ಡ್ರೈವ್ ಸ್ವರವನ್ನು ಉದ್ದಕ್ಕೆ ಹಿಡಿದಿಡುತ್ತದೆ, ಕಾಲು ತೆರೆಯುವಷ್ಟರಲ್ಲಿ ತಂತಿ ಸತ್ತುಹೋಗುವುದಿಲ್ಲ. ಡಿಲೇ, ರಿವರ್ಬ್ ಮಾತ್ರ ಏನೇ ಆದರೂ ಪೆಡಲ್ ಆದ ಮೇಲೆ ಬರಬೇಕು. ಮೊದಲೇ ಇಟ್ಟರೆ ಪೆಡಲ್ ಮುಚ್ಚಿದಾಗ ಹಿಂದಿನ ಕಾರ್ಡಿನ ಬಾಲವೂ ಕತ್ತರಿಸಿಹೋಗುತ್ತದೆ. ನಮಗೆ ಬೇಕಾಗಿರುವುದೇ ಆ ಬಾಲ ಅಲ್ವಾ? ನನ್ನ ಡಿಲೇ 400ರಿಂದ 450 ಮಿಲಿಸೆಕೆಂಡ್, ಮೂರ್ನಾಲ್ಕು ಸಲ ಮರುಕಳಿಸುವ ಹಾಗೆ, ಮಿಕ್ಸ್ ಅರ್ಧಕ್ಕೆ ಸ್ವಲ್ಪ ಕಮ್ಮಿ.

ಟ್ಯೂನರ್‌ಗೆ ಬೇರೆ ಔಟ್ ಇದೆ. ಪೆಡಲ್ ಪೂರ್ತಿ ಮುಚ್ಚಿ, ಯಾರಿಗೂ ಕೇಳದ ಹಾಗೆ ಶ್ರುತಿ ಮಾಡಿಕೊಳ್ಳಬಹುದು. ಆದರೆ ನನ್ನ ಪೆಡಲ್ ಗಿಟಾರಿಗೆ ನೇರ ಸಿಕ್ಕಿಸಿದ್ದ ದಿನಗಳಲ್ಲಿ, ಟ್ಯೂನರ್ ಕೇಬಲ್ ಕಿತ್ತರೆ ಸದ್ದು ಸ್ಪಷ್ಟವಾಗಿ ಚುರುಕಾಗುತ್ತಿತ್ತು. ಈಗ ಗಿಟಾರ್ ತಲೆಗೆ ಕಚ್ಚಿಸುವ ಕ್ಲಿಪ್ ಟ್ಯೂನರ್ ಬಳಸುತ್ತೇನೆ.

ಇನ್ನು ಬೈಗುಳ. ನಾಲ್ಕನೇ ವರ್ಷ, ಗುಬ್ಬಿ ಹತ್ತಿರದ ಒಂದು ಊರಿನ ಗಣೇಶನ ಪೆಂಡಾಲ್. ಎರಡನೇ ಹಾಡಿಗೇ ದಾರ ಕಿತ್ತುಹೋಯಿತು. ಹಲಗೆ ಕಾಲಿಗೆ ಸಿಕ್ಕ ಹಾಗೆ ಆಡುತ್ತಿದೆ, ಸದ್ದು ಮಾತ್ರ ಸೊನ್ನೆಯಲ್ಲೇ ಕೂತಿದೆ. ಎರಡು ಸಾಲು ನಾನು ಸುಮ್ನೆ ಮೂಕಾಭಿನಯ ಮಾಡಿದೆ. ಕೊನೆಗೆ ಪೆಡಲ್ ಬಿಟ್ಟು ಕೇಬಲ್ ನೇರ ಡಿಲೇಗೆ ಸಿಕ್ಕಿಸಿ, ರಾತ್ರಿ ಹನ್ನೊಂದರವರೆಗೆ ಕಿರುಬೆರಳಲ್ಲೇ ದಬ್ಬಿದೆ. ಮರುದಿನ ಬಿಚ್ಚಿ ನೋಡಿದರೆ ಕಂಬಿ ಸುತ್ತುವ ಜಾಗದಲ್ಲಿ ದಾರ ಸವೆದು ಎಳೆ ಎಳೆಯಾಗಿತ್ತು. ಗಟ್ಟಿ ನೈಲಾನ್ ದಾರ ಹಾಕಿದೆ, ಜಾರಿತು. ಟ್ವೈನ್ ದಾರ ಹಾಕಿದೆ, ಹಿಗ್ಗಿತು. ಗಾಳಕ್ಕೆ ಬಳಸುವ ಹೆಣೆದ ದಾರ ಹಾಕಿದ ಮೇಲೆ ನಿಂತಿದೆ, ಎರಡು ವರ್ಷವಾಯಿತು. ಕಟ್ಟುವ ಮೊದಲು ಹಳೆ ದಾರ ಯಾವ ಕಡೆಯಿಂದ ಎಷ್ಟು ಸುತ್ತು ಹೋಗಿದೆ ಎಂದು ಮೊಬೈಲಲ್ಲಿ ಫೋಟೋ ತೆಗೆದುಕೊಳ್ಳಿ. ನಾನು ತೆಗೆದುಕೊಳ್ಳಲಿಲ್ಲ. ಉಲ್ಟಾ ಸುತ್ತಿ, ಮುಂಗಾಲು ಒತ್ತಿದರೆ ಸದ್ದು ಮುಚ್ಚುವ ಪೆಡಲ್ ತಯಾರಿಸಿದ್ದೆ.

ಪಾಟ್ ಕೂಡ ಕರಕರ ಅನ್ನುತ್ತದೆ. ಬಯಲಿನ ವೇದಿಕೆ, ಧೂಳು, ಇನ್ನೇನಾಗಬೇಕು? ವರ್ಷಕ್ಕೆ ಎರಡು ಸಲ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹಲಗೆಯನ್ನು ಐವತ್ತು ಸಲ ಆಡಿಸುತ್ತೇನೆ. ಈ ರಗಳೆಯೇ ಬೇಡ ಅನ್ನುವವರಿಗೆ ಬೇರೆ ದಾರಿಗಳಿವೆ. ಮೋರ್ಲಿ ಕಂಪನಿಯವರು ಪಾಟ್ ಬದಲು ಬೆಳಕಿನಿಂದ ಕೆಲಸ ಮಾಡುವ ಪೆಡಲ್ ಮಾಡುತ್ತಾರೆ. ಲೇಲೆ ಕಂಪನಿಯವರು ಅಯಸ್ಕಾಂತದ ಸೆನ್ಸರ್ ಹಾಕುತ್ತಾರೆ. ಎರಡಕ್ಕೂ ಕರೆಂಟ್ ಬೇಕು. ಬಾಸ್ ಕಂಪನಿಯ ಪೆಡಲ್ ಎಫ್‌ವಿ-500ಎಚ್‌ನಲ್ಲಿ ಹಿಮ್ಮಡಿ ಇಳಿಸಿದಾಗ ಎಷ್ಟು ಸದ್ದು ಉಳಿಯಬೇಕು ಎಂದು ಹೊಂದಿಸುವ ನಾಬ್ ಇದೆ. ಬರೀ ಸ್ವೆಲ್‌ಗೆ ಅದು ಬೇಡ, ಸೋಲೋ ಬಂದಾಗ ಸದ್ದು ಏರಿಸುವವರಿಗೆ ಒಳ್ಳೆಯದು.

ಇನ್ನೊಂದು ದೂರು ನಮ್ಮ ಕಡೆಯವರಿಗೆ ಮಾತ್ರ ಅರ್ಥವಾಗುತ್ತದೆ. ವೇದಿಕೆಗೆ ಚಪ್ಪಲಿ ಬಿಟ್ಟು ಹತ್ತಬೇಕು. ಹಲಗೆಯ ಮೇಲೆ ಬೂಟು ಜಾರದಿರಲಿ ಎಂದು ಉಪ್ಪುಕಾಗದದಂಥದ್ದು ಅಂಟಿಸಿದ್ದಾರೆ. ಮೂರು ಗಂಟೆ ಬರಿಗಾಲಲ್ಲಿ ಉಜ್ಜಿದರೆ ಅಂಗಾಲು ಕೆಂಪು. ಮನೆಯಲ್ಲಿ ಅಮ್ಮನದು ಬೇರೆ ತಕರಾರು: "ಸಂಗೀತದ ಸಾಮಾನಿಗೆ ಕಾಲು ತಾಗಿಸ್ತೀಯಲ್ಲೋ." ಅದಕ್ಕೆ ಉತ್ತರ ಕೊಟ್ಟವರು ನಮ್ಮ ಹಾರ್ಮೋನಿಯಂ ಮೇಷ್ಟ್ರು. ನಾಟಕ ಕಂಪನಿಗಳಲ್ಲಿ ನುಡಿಸಿ ಬಂದವರು. "ನಾವು ಲೆಗ್ ಹಾರ್ಮೋನಿಯಂ ಕಾಲಲ್ಲೇ ಒತ್ತುತಿದ್ವಲ್ಲಮ್ಮ, ಸರಸ್ವತಿ ಏನೂ ಅನ್ನಲಿಲ್ಲ" ಅಂದರು. ಅಮ್ಮ ಸುಮ್ಮನಾದರು.

ಸ್ವೆಲ್ ನನಗೆ ನಿಜವಾಗಿ ಕಲಿಸಿದ್ದೂ ಅದೇ ಮೇಷ್ಟ್ರು. ಮೊದಲ ಆರು ತಿಂಗಳು ನನ್ನ ಸ್ವೆಲ್ ಯಾವಾಗಲೂ ತಡ. ಗಾಯಕಿ ಸಾಲು ಎತ್ತಿದ ಮೇಲೆ ಮೀಟುತ್ತಿದ್ದೆ. ಕಾರ್ಡ್ ತುಂಬಿಕೊಳ್ಳುವಷ್ಟರಲ್ಲಿ ಅವರು ಮುಂದಿನ ಪದದಲ್ಲಿರುತ್ತಿದ್ದರು. "ನೀನು ತೆರೆಯೋದನ್ನೇ ಯೋಚನೆ ಮಾಡ್ತಿದ್ದೀಯ ಕಣಯ್ಯಾ. ಮುಚ್ಚೋದನ್ನ ಯೋಚನೆ ಮಾಡು. ಅವರು ಉಸಿರು ತಗೊಳ್ತಾರಲ್ಲ, ಆಗ ಮುಚ್ಚು, ಆ ಉಸಿರಲ್ಲೇ ಮೀಟು" ಅಂದರು. ಅಷ್ಟೇ. ಉಸಿರಿನ ಹೊತ್ತಿಗೆ ಹಿಮ್ಮಡಿ ಇಳಿಸಿ, ಸದ್ದಿಲ್ಲದೆ ಕಾರ್ಡ್ ಎಳೆದು, ಅವರು ಸಾಲು ಎತ್ತುವಾಗ ಮುಂಗಾಲು ಒತ್ತುತ್ತೇನೆ. ಮುಚ್ಚಿದ ಖಾಲಿ ಜಾಗವನ್ನು ಡಿಲೇಯ ಬಾಲ ತುಂಬಿಕೊಂಡಿರುತ್ತದೆ. ಮನೆಯಲ್ಲಿ ಅಭ್ಯಾಸಕ್ಕೆ ಮೆಟ್ರೋನೋಮ್ 60ಕ್ಕೆ ಇಡಿ. ನಾಲ್ಕನೇ ಪೆಟ್ಟಿಗೆ ಮುಚ್ಚಿ, ಅದು ಮುಗಿಯುವ ಮೊದಲೇ ಮೀಟಿ, ಒಂದನೇ ಪೆಟ್ಟಿಗೆ ಸದ್ದು ಕಿವಿಗೆ ಬರುವ ಹಾಗೆ ತೆರೆಯಿರಿ. ಮುಚ್ಚುವುದು ಪೂರ್ತಿ ಆಗದಿದ್ದರೆ ಪಿಕ್‌ನ 'ಟಿಕ್' ಇಣುಕುತ್ತದೆ. ನನ್ನ ಹಳೆಯ ರೆಕಾರ್ಡಿಂಗ್‌ಗಳ ತುಂಬ ಅದೇ ಟಿಕ್.

ಪೆಡಲ್‌ನ ನಿಜವಾದ ಸೋಲು ಜಮಖಾನದ ಮೇಲೆ. ಭಾವಗೀತೆ ಕಾರ್ಯಕ್ರಮದಲ್ಲಿ ಎಷ್ಟೋ ಕಡೆ ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂರಬೇಕು. ನನಗೊಬ್ಬನಿಗೆ ಕುರ್ಚಿ ಕೊಟ್ಟರೆ ಹಿರಿಯರ ತಲೆಯ ಮೇಲೆ ಕೂತ ಹಾಗೆ ಕಾಣುತ್ತದೆ. ಮಡಿಚಿದ ಕಾಲಲ್ಲಿ ಯಾವ ಪೆಡಲ್ ಒತ್ತುವುದು? ಅದಕ್ಕೆಂದು ತಾನೇ ಸ್ವೆಲ್ ಮಾಡುವ ಒಂದು ಪೆಟ್ಟಿಗೆಯನ್ನೂ ಕೊಂಡೆ. ಈ ಜಾತಿಯಲ್ಲಿ ಹೆಸರು ಮಾಡಿದ್ದು ಬಾಸ್‌ನ ಎಸ್‌ಜಿ-1 ಸ್ಲೋ ಗಿಯರ್. 1979ರಲ್ಲಿ ಬಂದು 1982ಕ್ಕೇ ನಿಂತಿತು, ಈಗ ಹಳೇ ಸಾಮಾನು ಕೂಡಿಡುವವರ ಬೆಲೆ. ಎಷ್ಟು ಸದ್ದಿಗೆ ಏಳಬೇಕು ಎನ್ನಲು ಸೆನ್ಸ್, ಎಷ್ಟು ಬೇಗ ತೆರೆಯಬೇಕು ಎನ್ನಲು ಅಟ್ಯಾಕ್, ಎರಡೇ ನಾಬ್. ಸ್ವರ ಬಂದದ್ದನ್ನು ಗುರುತಿಸಿ, ಬಾಗಿಲು ಮುಚ್ಚಿದ್ದಲ್ಲಿಂದ ಮೆಲ್ಲಗೆ ತೆರೆಯುತ್ತದೆ. ನನ್ನದು ಅದೇ ಜಾಡಿನ ಅಗ್ಗದ ಇನ್ನೊಂದು.

ಒಂದೊಂದೇ ಸ್ವರ ಬಿಡಿಬಿಡಿಯಾಗಿ ನುಡಿಸಿದರೆ ಚೆನ್ನಾಗಿದೆ, ಪಿಟೀಲು ನೆನಪಾಗುತ್ತದೆ. ಆದರೆ ಸ್ವರಗಳ ನಡುವೆ ಚೂರು ಮೌನ ಬೇಕು. ಮೌನ ಸಿಗದಿದ್ದರೆ ಬಾಗಿಲು ಮುಚ್ಚುವುದಿಲ್ಲ, ಎರಡನೇ ಸ್ವರ 'ಟಂಗ್' ಎಂದೇ ಬರುತ್ತದೆ. ಗಮಕ, ಜಾರು ಎಲ್ಲ ಮೊದಲ ಸ್ವರದ ಮೇಲೆ ಮಾತ್ರ. ಸಿಂಗಲ್ ಕಾಯಿಲ್ ಪಿಕಪ್‌ನ ಗುಂಯ್ ಸದ್ದು ಜಾಸ್ತಿ ಇದ್ದ ಕಡೆ ಸೆನ್ಸ್ ನಾಬ್ ಹೊಂದಿಸುವುದೇ ಒಂದು ಗೋಳು. ಎಲ್ಲಕ್ಕಿಂತ ದೊಡ್ಡ ತೊಂದರೆ, ಅದು ತೆರೆಯುವ ವೇಗ ನಾಬ್ ಇಟ್ಟಷ್ಟೇ. ನಮ್ಮ ಗಾಯಕಿ ಒಂದು ದಿನ ಸಾಲನ್ನು ಎಳೆಯುತ್ತಾರೆ, ಇನ್ನೊಂದು ದಿನ ಬೇಗ ಮುಗಿಸುತ್ತಾರೆ. ಕಾಲು ಅವರ ಹಿಂದೆ ಹೋಗುತ್ತದೆ, ಅರ್ಧದಲ್ಲಿ ನಿಲ್ಲುತ್ತದೆ, ಮತ್ತೆ ಇಳಿಯುತ್ತದೆ. ಪೆಟ್ಟಿಗೆಗೆ ಅವರು ಯಾರೋ ಏನೋ. ಒಂದು ವರ್ಷದಲ್ಲೇ ಮಾರಿದೆ.

ಹಾಗಾಗಿ ಈಗ ನಿಂತು ನುಡಿಸುವ ಕಡೆ ದಾರದ ಪೆಡಲ್, ಕೂತು ನುಡಿಸುವ ಕಡೆ ಕಿರುಬೆರಳು. ಹೊಸದಾಗಿ ಶುರು ಮಾಡುವವರು ಮೊದಲ ಮೂರು ತಿಂಗಳು ಕಿರುಬೆರಳಲ್ಲೇ ಮಾಡಿ. ದುಡ್ಡಿದ್ದರೆ ಮೊದಲು ಒಳ್ಳೆ ಡಿಲೇ ಕೊಳ್ಳಿ, ಡಿಲೇ ಇಲ್ಲದ ಸ್ವೆಲ್ ಒಗ್ಗರಣೆ ಇಲ್ಲದ ಸಾರು. ಆಮೇಲೂ ಕೈ ಸಾಲದು ಅನಿಸಿದರೆ ದಾರದ ಪೆಡಲ್ ಧೈರ್ಯವಾಗಿ ತಗೊಳ್ಳಿ. ಸೆಕೆಂಡ್‌ಹ್ಯಾಂಡ್ ಆದರೆ ಹಿಂಭಾಗ ಬಿಚ್ಚಿಸಿ ದಾರ ನೋಡಿಯೇ ದುಡ್ಡು ಕೊಡಿ.

ನನ್ನ ಗಿಟಾರ್ ಬ್ಯಾಗಿನ ಜೇಬಿನಲ್ಲಿ ಈಗ ಯಾವಾಗಲೂ ಎರಡು ಮೊಳ ಗಾಳದ ದಾರ, ಒಂದು ಸ್ಕ್ರೂಡ್ರೈವರ್, ಒಂದು ಜೊತೆ ಕಾಲುಚೀಲ ಇರುತ್ತವೆ.