ರಾತ್ರಿ 71, ಬೆಳಿಗ್ಗೆ 68: ಏಳು ವರ್ಷದ ಎಲೆಕ್ಟ್ರಿಕ್ ಕಾರಿನ ಕಥೆ

ಪಿಕಪ್ಪು, ರೇಂಜು, ಡಿಕ್ಕಿ ಎಷ್ಟು ದೊಡ್ಡದು ಅನ್ನೋದೆಲ್ಲ ಈ ರಿವ್ಯೂನಲ್ಲಿ ಸಿಗುವುದಿಲ್ಲ. ಅದನ್ನು ನೀವು ಆಗಲೇ ಓದಿರುತ್ತೀರಿ. ಒಂದು ವರ್ಷದಿಂದ ನನ್ನ ತಲೆ ತಿಂದಿದ್ದು ಬರೀ 3 ಪರ್ಸೆಂಟ್.

ಕಾರು ಕೊಂಡು ಏಳು ವರ್ಷ ಆಯ್ತು. ಹೊಸದರಲ್ಲಿ ಬ್ಯಾಟರಿ 40 ಯೂನಿಟ್ ಹಿಡಿಯುತ್ತಿತ್ತು, ಈಗ 34ರ ಆಸುಪಾಸು. ಅದಕ್ಕೆ ತಕರಾರಿಲ್ಲ, ಅಷ್ಟು ಸವೆಯುತ್ತದೆ ಅಂತ ಗೊತ್ತಿದ್ದೇ ಕೊಂಡಿದ್ದು. ಆದರೆ ಕಳೆದ ಬೇಸಿಗೆಯಲ್ಲಿ ಹೊಸ ಕಾಟ ಶುರುವಾಯಿತು. ರಾತ್ರಿ ನಿಲ್ಲಿಸುವಾಗ ಚಾರ್ಜ್ 71 ಪರ್ಸೆಂಟ್ ಇರುತ್ತಿತ್ತು, ಬೆಳಿಗ್ಗೆ ನೋಡಿದರೆ 68. ಎಲ್ಲಿಗೂ ಹೋಗಿಲ್ಲ, ಎಸಿ ಹಾಕಿಲ್ಲ. ಸುಮ್ನೆ ನಿಂತಿತ್ತು, ಅಷ್ಟೇ.

ಮೂರು ತಾನೇ ಅನ್ನಬೇಡಿ. 34ರಲ್ಲಿ 3 ಪರ್ಸೆಂಟ್ ಅಂದರೆ ಹೆಚ್ಚುಕಡಿಮೆ ಒಂದು ಯೂನಿಟ್. ಹತ್ತು ಗಂಟೆಗೆ ಒಂದು ಯೂನಿಟ್ ಹೋಯ್ತು ಅಂದರೆ 100 ವಾಟಿನ ಹಳೇ ಬಲ್ಬನ್ನು ರಾತ್ರಿಯೆಲ್ಲ ಉರಿಸಿಟ್ಟ ಹಾಗೆ! ಲಿಥಿಯಂ ಸೆಲ್ ತಾನಾಗಿ ಇಷ್ಟು ಸೋರುವುದಿಲ್ಲ, ತಿಂಗಳಿಗೆ ಕೆಲವು ಪರ್ಸೆಂಟ್ ಹೋದರೇ ಜಾಸ್ತಿ.

ಸರ್ವೀಸಿನವರಿಗೆ ತೋರಿಸಿದೆ. "ಹಳೇ ಗಾಡಿ ಸಾರ್, ಇದೆಲ್ಲ ಇರೋದೇ" ಅಂದರು. ಕಾರು ತೊಳೆದು ಕೊಟ್ಟರು.

ನನ್ನ ಅನುಮಾನವೆಲ್ಲ ಕೂಲಿಂಗ್ ಮೇಲಿತ್ತು. ಬ್ಯಾಟರಿ ತೀರಾ ಬಿಸಿಯಾದರೆ, ಅದನ್ನು ತಣಿಸುವ ದ್ರವ ಹರಿಸಲು ಕೂಲೆಂಟ್ ಪಂಪು ಓಡುತ್ತದೆ. ಅದೂ ಸಾಲದಿದ್ದರೆ ನಮಗೆ ತಂಪು ಕೊಡುವ ಅದೇ ಎಸಿ ಕಂಪ್ರೆಸರ್ ಬ್ಯಾಟರಿಗೂ ದುಡಿಯುತ್ತದೆ. ಹಳೇ ಬ್ಯಾಟರಿಯಲ್ಲಿ ಈ ಕೆಲಸ ಜಾಸ್ತಿ, ಯಾಕಂದರೆ ಸೆಲ್ಲಿನ ಒಳಗಿನ ರೆಸಿಸ್ಟೆನ್ಸ್, ಅಂದರೆ ಕರೆಂಟ್ ಹರಿಯಲು ಇರುವ ಅಡ್ಡಿ, ವರ್ಷ ಕಳೆದ ಹಾಗೆ ಏರುತ್ತದೆ. ಮೊದಲಿನಷ್ಟೇ ಕರೆಂಟ್ ಹರಿದರೂ ಬಿಸಿ ಮಾತ್ರ ಮೊದಲಿಗಿಂತ ಹೆಚ್ಚು. ಹೊಸದರಲ್ಲಿ ಫಾಸ್ಟ್ ಚಾರ್ಜ್ ಮುಗಿಸಿ ಬಂದರೆ ಮುಂದಿನ ಫ್ಯಾನು ಒಂದೆರಡು ನಿಮಿಷಕ್ಕೆ ನಿಲ್ಲುತ್ತಿತ್ತು. ಈಗ ನಾನು ಒಳಗೆ ಹೋಗಿ, ಕೈಕಾಲು ತೊಳೆದು, ಬಟ್ಟೆ ಬದಲಿಸಿ ಬಂದರೂ ಗುಯ್ ಅನ್ನುತ್ತಿರುತ್ತದೆ.

ಒಂದು ರಾತ್ರಿ ಕುರ್ಚಿ ಹಾಕಿಕೊಂಡು ಕಾರಿನ ಪಕ್ಕ ಕೂತುಬಿಟ್ಟೆ. "ಕಳ್ಳ ಬಂದರೂ ಇಷ್ಟು ಕಾಯಲ್ಲ ನೀವು" ಅಂತ ಹೆಂಡತಿ ಬಾಗಿಲು ಹಾಕಿಕೊಂಡಳು. ಫ್ಯಾನು ಇಲ್ಲ, ಪಂಪಿಲ್ಲ. ಬಾನೆಟ್ ಮೇಲೆ ಕೈಯಿಟ್ಟರೆ ತಣ್ಣಗಿತ್ತು. ಆದರೆ ಹನ್ನೊಂದೂವರೆಗೆ ಸೀಟಿನ ಕೆಳಗಿಂದ 'ಟಕ್' ಅಂತ ಸದ್ದು. ಸ್ವಲ್ಪ ಹೊತ್ತಿಗೆ ಮತ್ತೆ 'ಟಕ್'. ಆಮೇಲೆ ಒಂದು ಗಂಟೆಗೆ ಮತ್ತದೇ.

ಅದು ದೊಡ್ಡ ಬ್ಯಾಟರಿಯ ಕಾಂಟ್ಯಾಕ್ಟರ್, ಅಂದರೆ ಬ್ಯಾಟರಿಯನ್ನು ಕಾರಿಗೆ ಜೋಡಿಸುವ, ಬಿಡಿಸುವ ಸ್ವಿಚ್ಚು. ಎಲೆಕ್ಟ್ರಿಕ್ ಕಾರಿನಲ್ಲೂ 12 ವೋಲ್ಟಿನ ಪುಟ್ಟ ಬ್ಯಾಟರಿ ಒಂದಿರುತ್ತದೆ, ಲಾಕು, ಲೈಟು, ಕಂಪ್ಯೂಟರಿಗೆಲ್ಲ ಅದೇ ಗತಿ. ಅದು ಇಳಿದಾಗ ಕಾರು ಎದ್ದು ದೊಡ್ಡದರಿಂದ ಚಿಕ್ಕದಕ್ಕೆ ತುಂಬಿಸಿ ಮತ್ತೆ ಮಲಗುತ್ತದೆ. ನನ್ನದರಲ್ಲಿದ್ದದ್ದು ಏಳು ವರ್ಷದ ಹಿಂದಿನ ಲೆಡ್ ಆಸಿಡ್ ಬ್ಯಾಟರಿ. ತುಂಬಿಸಿದ್ದು ನಿಲ್ಲುತ್ತಲೇ ಇರಲಿಲ್ಲ. ಗಳಿಗೆಗೊಮ್ಮೆ ಎದ್ದು ಹಾಲು ಕೇಳುವ ಮಗುವಿನ ಹಾಗೆ ಇಡೀ ಕಾರನ್ನು ಎಬ್ಬಿಸುತ್ತಿತ್ತು. ಎದ್ದಾಗಲೆಲ್ಲ ಕಂಪ್ಯೂಟರುಗಳು ಅವುಗಳ ಪಾಲು ಕುಡಿಯುತ್ತವೆ. ಹೊಸದು ಹಾಕಿಸಿದೆ. 3 ಇದ್ದದ್ದು 2ಕ್ಕೆ ಇಳಿಯಿತು.

ಇನ್ನುಳಿದದ್ದು ಯಾರು ಗೊತ್ತಾ? ನಾನೇ. ಎಷ್ಟು ಇಳಿಯಿತು ಅಂತ ನೋಡಲು ಮಲಗುವ ಮುಂಚೆ ಒಮ್ಮೆ, ನಡುರಾತ್ರಿ ನೀರು ಕುಡಿಯಲು ಎದ್ದಾಗ ಒಮ್ಮೆ ಮೊಬೈಲಿನಲ್ಲಿ ಆ್ಯಪ್ ತೆರೆಯುತ್ತಿದ್ದೆ. ಸಾಲದ್ದಕ್ಕೆ ಮೊಬೈಲಿನ ಮುಖಪುಟದಲ್ಲೇ ಚಾರ್ಜ್ ತೋರಿಸುವ ವಿಜೆಟ್ ಬೇರೆ. ನೋಡಿದಾಗಲೆಲ್ಲ ಕಾರು ಎದ್ದು ಲೆಕ್ಕ ಒಪ್ಪಿಸಿ, ಮತ್ತೆ ನಿದ್ದೆಗೆ ಜಾರಲು ತನ್ನ ಹೊತ್ತು ತೆಗೆದುಕೊಳ್ಳುತ್ತಿತ್ತು. ಸರ್ವೀಸಿನವರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಅರ್ಧ ಮಾತ್ರ, ಅಷ್ಟು ದಿನದ 12 ವೋಲ್ಟ್ ಬ್ಯಾಟರಿಯನ್ನು ಒಮ್ಮೆ ಪರೀಕ್ಷೆ ಮಾಡಬಹುದಿತ್ತು ಅಲ್ವಾ?

ವಿಜೆಟ್ ತೆಗೆದು ಎರಡು ತಿಂಗಳಾಯಿತು. ಈಗ ವಾರಕ್ಕೆ ಎರಡು ಸಲ, ಸಂಜೆ ತಂಪಾದ ಮೇಲೆ, ಮಧ್ಯಮ ವೇಗದಲ್ಲಿ 80ರವರೆಗೆ ಚಾರ್ಜ್. ಕರೆಂಟ್ ಅರ್ಧ ಮಾಡಿದರೆ ಸೆಲ್ಲಿನೊಳಗೆ ಹುಟ್ಟುವ ಬಿಸಿ ಕಾಲು ಭಾಗಕ್ಕಿಳಿಯುತ್ತದೆ, ಫ್ಯಾನಿಗೆ ಕೆಲಸವೇ ಇಲ್ಲ. ಹಾಗಂತ ತೀರಾ ನಿಧಾನ ಮಾಡಿದರೂ ನಷ್ಟವೇ, ಚಾರ್ಜ್ ಮುಗಿಯುವವರೆಗೂ ಕಾರು ಎದ್ದೇ ಇರಬೇಕಲ್ಲ. ಸುಡು ಬಿಸಿಲಲ್ಲಿ ನಿಲ್ಲಿಸಿದ ದಿನ ಬ್ಯಾಟರಿ ತಂಪು ಮಾಡಲು ಈಗಲೂ ಒಂದೆರಡು ಪರ್ಸೆಂಟ್ ಹೋಗುತ್ತದೆ, ಅದನ್ನು ಬಿಟ್ಟುಬಿಟ್ಟಿದ್ದೇನೆ. ಬ್ಯಾಟರಿ ಬೇಯುವುದಕ್ಕಿಂತ ಅದು ವಾಸಿ.

ಹೊಸ ಕಾರು ಕೊಳ್ಳುವ ಯೋಗ ಸದ್ಯಕ್ಕಿಲ್ಲ, ಹಾಗಾಗಿ ನಾಲ್ಕು ಸ್ಟಾರ್. ನಿನ್ನೆ ರಾತ್ರಿ 64 ಇತ್ತು, ಇವತ್ತು ಬೆಳಿಗ್ಗೆಯೂ 64. ಪಂಪು ಮಾತ್ರ ಒಂದು ವಾರದಿಂದ ಕಿರ್ ಅನ್ನುತ್ತಿದೆ. ಸೋಮವಾರ ತೋರಿಸಬೇಕು.