ಶೂ ನಾಲಿಗೆಯ ಮೇಲಿನ ದೇಶದ ಹೆಸರು ನಂಬಬಹುದೇ?

ಹುಬ್ಬಳ್ಳಿಯ ದುರ್ಗದಬೈಲಿನ ಶೂ ಅಂಗಡಿಯಲ್ಲಿ ರೇಟು ತುಟ್ಟಿ ಆಯ್ತು ಅಂದರೆ ಸಾಕು, ಅಂಗಡಿಯವರು ಶೂ ನಾಲಿಗೆ ಹೊರಕ್ಕೆಳೆದು ಚೀಟಿ ತೋರಿಸುತ್ತಾರೆ. "ಅಣ್ಣಾರ, ಓದ್ರಿ ಇಲ್ಲಿ. ವಿಯೆಟ್ನಾಂ ಮಾಲ್ ಐತಿ, ಚೈನಾ ಅಲ್ರಿ." ಈ ಒಂದು ಮಾತಿಗೆ ಮುನ್ನೂರು, ನಾಲ್ಕುನೂರು ಹೆಚ್ಚಿಗೆ ಕೊಡಬೇಕೇ? ಗುಣಮಟ್ಟ ತಿಳಿಯುವ ಸಾಧನವಾಗಿ 'ಮೇಡ್ ಇನ್' ಚೀಟಿಗೆ ಐದಕ್ಕೆ ಒಂದು ಅಂಕ ಕೊಡಬಹುದು. ಆ ಒಂದೂ ದೇಶದ ಹೆಸರಿಗಲ್ಲ, ಅದರ ಜೊತೆಗಿರುವ ಆಮದುದಾರರ ವಿಳಾಸ ಮತ್ತು ತಯಾರಾದ ತಿಂಗಳಿಗೆ.

ಚೀಟಿ ಹೇಳುವುದು ಕೊನೆಯ ದೊಡ್ಡ ಕೆಲಸ ಎಲ್ಲಿ ನಡೆಯಿತು ಎಂಬುದನ್ನಷ್ಟೇ. ನೂಲು ಒಂದು ದೇಶದ್ದು, ಬಟ್ಟೆ ಚೀನಾದ್ದು, ಗುಂಡಿ ಮತ್ತೆಲ್ಲಿಯದೋ ಇರಲಿ, ಅಂಗಿ ಹೊಲಿದದ್ದು ಬಾಂಗ್ಲಾದೇಶದಲ್ಲಾದರೆ ಸಾಮಾನ್ಯವಾಗಿ ಆ ಹೆಸರೇ ಬರುತ್ತದೆ. ತಮಿಳುನಾಡಿನ ಆಂಬೂರು, ರಾಣಿಪೇಟೆಯ ಕಡೆ ಹೊಲಿದ ಶೂ ಮೇಲ್ಭಾಗಗಳು ಯುರೋಪಿಗೆ ರಫ್ತಾಗುತ್ತವೆ. ಅಲ್ಲಿ ಸೋಲ್ ಕೂಡಿಸಿದ ಮೇಲೆ ಶೂ ಆ ದೇಶದ್ದೆನಿಸಿಕೊಳ್ಳಬಹುದು. ಬ್ರಿಟನ್ 1887ರಲ್ಲಿ ಕಾಯ್ದೆ ಮಾಡಿ ಜರ್ಮನಿಯ ಸಾಮಾನಿನ ಮೇಲೆ ದೇಶದ ಹೆಸರು ಹಾಕಿಸಿದ್ದು, ಜನ ಅದನ್ನು ಕೊಳ್ಳದೆ ದೂರ ಇಡಲಿ ಎಂದು. ಮುಂದೆ ಅದೇ ಹೆಸರು ನೋಡಿಯೇ ಜನ ಕೊಳ್ಳತೊಡಗಿದರು.

ಕಾರ್ಖಾನೆ ಮಾಡಿಕೊಡುವುದು ಆರ್ಡರ್ ಕೊಟ್ಟವರು ಕೇಳಿದ್ದನ್ನು. ನೈಕಿ ಶೂಗಳಲ್ಲಿ ಸುಮಾರು ಅರ್ಧ ವಿಯೆಟ್ನಾಂನಲ್ಲಿ ತಯಾರಾದರೆ ಉಳಿದದ್ದರಲ್ಲಿ ಹೆಚ್ಚಿನವು ಇಂಡೋನೇಷ್ಯಾ, ಚೀನಾದವು. ಚೀನಾದಲ್ಲಿ ಆಯ್ತೆಂದು ಕಂಪನಿ ಬೆಲೆ ಇಳಿಸುವುದಿಲ್ಲ. ಚೀನಾದ್ದೇ ಇನ್ನೊಂದು ಕಾರ್ಖಾನೆ ಇನ್ನೂರು ರೂಪಾಯಿಯ ಶೂವನ್ನೂ ಮಾಡುತ್ತದೆ. ಬಾಂಗ್ಲಾ ಅಂಗಿ ಸೋವಿ ಯಾಕೆ ಅಂದರೆ, ಕೂಲಿ ಕಡಿಮೆ ಇರುವುದರ ಜೊತೆಗೆ ಅಲ್ಲಿನ ಬಹುಪಾಲು ಸಿದ್ಧ ಉಡುಪಿಗೆ 2011ರಿಂದ ನಮ್ಮಲ್ಲಿ ಆಮದು ಸುಂಕವಿಲ್ಲ. ಬೆಲೆ ಇಳಿದದ್ದಕ್ಕೆ ಹೊಲಿಗೆ ಕೆಟ್ಟದ್ದೇ ಕಾರಣ ಆಗಬೇಕಿಲ್ಲ.

'ಇಂಡಿಯನ್ ಕಾಟನ್' ಎನ್ನುವುದೂ ಇಂಥದೇ ಅರೆಮಾತು. ಧಾರವಾಡದ ಹತ್ತಿ ಸಂಶೋಧನೆಯಿಂದ ಬಂದ ಡಿಸಿಎಚ್-32 ತಳಿಯ ಎಳೆ ಅತಿ ಉದ್ದ, ನಯವಾದ ನೂಲಿಗೆ ಹೇಳಿಮಾಡಿಸಿದ್ದು. ಇದೇ ಸೀಮೆಯ ಹಳೆಯ ಜಯಧರ ಹತ್ತಿಯ ಎಳೆ ಗಿಡ್ಡ, ನೂಲು ದಪ್ಪ. ಒಂದೇ ಜಿಲ್ಲೆಯ ಎರಡು ಹತ್ತಿಗೆ ಇಷ್ಟು ಅಂತರ ಇರುವಾಗ ಇಡೀ ದೇಶದ ಹೆಸರು ಏನು ಹೇಳೀತು? ಹುಬ್ಬಳ್ಳಿ ಬೆಂಗೇರಿಯ ಖಾದಿ ಸಂಘದಲ್ಲಿ ಹೊಲಿಯುವ ರಾಷ್ಟ್ರಧ್ವಜವನ್ನು ನೋಡಿ. ಅಲ್ಲಿ ನೂಲು, ಬಣ್ಣ, ಅಳತೆ, ಹೊಲಿಗೆ ಎಲ್ಲವೂ ದೇಶದ ಮಾನಕ ಸಂಸ್ಥೆ ಬಿಐಎಸ್ ಬರೆದಿಟ್ಟ ಮಾನದಂಡಕ್ಕೆ ಕೂಡಬೇಕು, ಕೂಡದಿದ್ದರೆ ಪಾಸಾಗದು. ಆ ಬಾವುಟ ನಂಬಿಕೆ ಗಳಿಸಿದ್ದು ಈ ತಪಾಸಣೆಯಿಂದ.

ಹಾಗಾದರೆ ಅಂಗಡಿಯಲ್ಲಿ ನಿಂತು ನೋಡಬೇಕಾದದ್ದೇನು? ಅಂಗಿಯನ್ನು ಮೊದಲು ಒಳಹೊರಗೆ ತಿರುವಿ. ಬಗಲಿನ ಹೊಲಿಗೆ ಮೇಲೆ ಅಳತೆಪಟ್ಟಿ ಇಟ್ಟು ಒಂದು ಇಂಚಿಗೆ ಎಷ್ಟು ಟಾಕಿ ಬಿದ್ದಿವೆ ಎಣಿಸಿ. ಹತ್ತರ ಆಸುಪಾಸು ಇದ್ದರೆ ಸಾಧಾರಣ ಮಾಲು, ಹದಿನಾರರಿಂದ ಇಪ್ಪತ್ತು ಇದ್ದರೆ ಸಮಯ ಕೊಟ್ಟು ಹೊಲಿದದ್ದು. ಬಟ್ಟೆಯ ಅಂಚು ಒಳಗೆ ಮಡಚಿ ಎರಡು ಸಾಲು ಹೊಲಿಗೆ ಹಾಕಿದ್ದರೆ ಬಗಲು ಬೇಗ ಬಿಚ್ಚಿಕೊಳ್ಳುವುದಿಲ್ಲ. ಬರೀ ಓವರ್‌ಲಾಕ್ (ಅಂಚಿಗೆ ದಾರ ಸುತ್ತಿದ ಹೊಲಿಗೆ) ಇದ್ದರೆ ದಾರದ ಒಂದು ತುದಿ ಸಡಿಲಾದ ದಿನದಿಂದ ಅದು ಬಿಚ್ಚುತ್ತಾ ಹೋಗಬಹುದು. ಕಾಲರಿನ ತೊಂದರೆ ಅಂಗಡಿಯಲ್ಲಿ ಕಣ್ಣಿಗೆ ಕಾಣದು. ಒಳಗಿನ ಕ್ಯಾನ್ವಾಸನ್ನು ಬಟ್ಟೆಗೆ ಅಂಟಿಸುವಾಗ ಶಾಖ, ಒತ್ತಡ, ಸಮಯ ಮೂರರಲ್ಲಿ ಒಂದು ಕಡಿಮೆಯಾದರೂ ನಾಲ್ಕೈದು ಒಗೆತಕ್ಕೆ ಕಾಲರ್ ಮೇಲೆ ಗುಳ್ಳೆ ಏಳುತ್ತವೆ. ಕಾಲರನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿ: ಮೇಲಿನ ಬಟ್ಟೆ ಒಳಗಿನ ಕ್ಯಾನ್ವಾಸಿನಿಂದ ಬೇರೆಯಾಗಿ ಜಾರಿದರೆ, ಅದು ಹೊಲಿದೇ ಕೂಡಿಸಿದ ಕಾಲರ್ ಅಲ್ಲದಿದ್ದರೆ, ಬಿಟ್ಟುಬಿಡಿ.

ಟಿ-ಶರ್ಟಿಗೆ ಬೇರೆ ಲೆಕ್ಕ. ಪಕ್ಕದ ಹೊಲಿಗೆ ನೆಟ್ಟಗೆ ಕೆಳಗಿಳಿಯಬೇಕು. ಈಗಲೇ ಹೊಟ್ಟೆಯ ಕಡೆ ತಿರುಗಿದ್ದರೆ ಒಗೆದ ಮೇಲೆ ಇನ್ನೂ ತಿರುಗುತ್ತದೆ. ನೂಲಿನ ತಿರುಚು ಇಳಿಯದ ಬಟ್ಟೆಯ ಗುಣ ಅದು. ದಿನಬಳಕೆಗೆ ಚದರ ಮೀಟರಿಗೆ ಗ್ರಾಂ ಲೆಕ್ಕದಲ್ಲಿ 160ರಿಂದ 180 ಜಿಎಸ್‌ಎಂ ಬಟ್ಟೆ ಬೇಕು. '100% ಕಾಟನ್' ಬರಹದ ಬಗ್ಗೆ ಅನುಮಾನವಿದ್ದರೆ ಮನೆಗೆ ಬಂದು ಒಳಬದಿಯ ಬಟ್ಟೆಯಂಚಿನಿಂದ ಎಳೆಯೊಂದನ್ನು ಕಿತ್ತು ಸುಡಿ (ಹೊಲಿಗೆ ದಾರ ಸಾಮಾನ್ಯವಾಗಿ ಪಾಲಿಯೆಸ್ಟರ್ ಇರುತ್ತದೆ, ಅದನ್ನು ಸುಟ್ಟು ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ). ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೆರಳಿಗೆ ಪುಡಿಯಾಗುವ ಬೂದಿ. ಪಾಲಿಯೆಸ್ಟರ್ ಸೇರಿದ್ದರೆ ಕರಗಿ ಗಟ್ಟಿ ಕರಿ ಮಣಿಯಾಗುತ್ತದೆ.

ರಸ್ತೆಬದಿಯ 'ಎಕ್ಸ್‌ಪೋರ್ಟ್ ಸರ್‌ಪ್ಲಸ್' ರಾಶಿಯಲ್ಲಿ ಕತ್ತರಿಸಿದ ಲೇಬಲ್‌ಗಳೇ ಹೆಚ್ಚು. ಅದರಲ್ಲಿ ನಿಜಕ್ಕೂ ಉಳಿದ ಮಾಲೂ ಇರುತ್ತದೆ, ತಿರಸ್ಕರಿಸಿದ್ದೂ ಇರುತ್ತದೆ. ಸಣ್ಣ ಬಾಣದ ಸ್ಟಿಕರ್ ಅಥವಾ ಅದರ ಅಂಟಿನ ಗುರುತು ಕಂಡರೆ ಅದರ ತುದಿ ತೋರಿಸುವ ಜಾಗ ನೋಡಿ. ಕಾರ್ಖಾನೆಯ ತಪಾಸಣೆಯವರು ದೋಷಕ್ಕೆ ಹಚ್ಚುವ ಗುರುತು ಅದು. ಎರಡೂ ತೋಳಿನ ಬಣ್ಣವನ್ನು ಬಿಸಿಲಿಗೆ ಹಿಡಿದು ಹೋಲಿಸಿ, ಟ್ಯೂಬ್‌ಲೈಟ್ ಕೆಳಗೆ ವ್ಯತ್ಯಾಸ ಕಾಣದೇ ಹೋಗಬಹುದು.

ಶೂ ವಿಷಯದಲ್ಲಿ ದೇಶಕ್ಕಿಂತ ತಿಂಗಳು ದೊಡ್ಡದು. ಪಿಯು (ಪಾಲಿಯುರೆಥೇನ್) ಸೋಲ್ ಕಾಲಿಗೆ ಮೆತ್ತಗೆ, ಆದರೆ ಗಾಳಿಯ ತೇವ ಹೀರಿ ಒಳಗೊಳಗೇ ಸಡಿಲಾಗುತ್ತದೆ. ಡಬ್ಬಿಯಲ್ಲೇ ನಾಲ್ಕೈದು ವರ್ಷ ಕೂತಿದ್ದರೂ ಹಾಕಿಕೊಂಡು ನಡೆದ ದಿನವೇ ರೊಟ್ಟಿ ಚೂರಿನಂತೆ ಉದುರಬಹುದು. ಭಾರೀ ರಿಯಾಯಿತಿಯಲ್ಲಿ ಬ್ರ್ಯಾಂಡೆಡ್ ಶೂ ಸಿಕ್ಕಾಗ ಡಬ್ಬಿಯ ಮೇಲಿನ ತಯಾರಿಕೆ ತಿಂಗಳು ಎರಡು ವರ್ಷ ದಾಟಿದ್ದರೆ, ಸೋಲ್ ಪಿಯು ಆಗಿದ್ದರೆ, ಕೊಳ್ಳದಿರುವುದೇ ಲಾಭ. ರಬ್ಬರ್ ಸೋಲಿಗೆ ಈ ರೋಗವಿಲ್ಲ, ತೂಕ ಹೆಚ್ಚು ಅಷ್ಟೆ. ಸೋಲ್ ಅಂಚಿನ ಸುತ್ತ ಕಾಣುವ ಹೊಲಿಗೆಯನ್ನೂ ಸುಮ್ಮನೆ ನಂಬಬೇಡಿ. ಅಚ್ಚಿನಲ್ಲೇ ಮೂಡಿಸಿದ ತೋರಿಕೆಯ ಹೊಲಿಗೆಗೆ ಉಗುರು ಸಿಗುವುದಿಲ್ಲ, ನಿಜವಾದ ದಾರಕ್ಕೆ ಸಿಗುತ್ತದೆ. ಬರೀ ಅಂಟಿಸಿದ ಶೂವನ್ನು ಏಪ್ರಿಲ್ ಬಿಸಿಲಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಇಟ್ಟರೆ ಮುಂದಿನ ಬೆರಳ ಕಡೆ ಬಾಯಿ ಬಿಡಬಹುದು. ರಿಪೇರಿಗೆ ಒಯ್ದಾಗ ಸೋಲ್ ಯಾವುದೆಂದು ಹೇಳಿ. ಎಲ್ಲಾ ಸೋಲಿಗೂ ಒಂದೇ ಸೊಲ್ಯೂಶನ್ ಹಿಡಿಯುವುದಿಲ್ಲ, ಪಿಯುಗೆ ಬೇರೆಯೇ ಬೇಕು.

2024ರ ಆಗಸ್ಟ್ 1ರಿಂದ ಹಲವು ಬಗೆಯ ಪಾದರಕ್ಷೆಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ, ಆಮದಾದವಕ್ಕೂ ಸೇರಿ. ಸ್ಪೋರ್ಟ್ಸ್ ಶೂ ಆದರೆ ಅದರ ಮಾನದಂಡದ ಸಂಖ್ಯೆ ಐಎಸ್ 15844. ಗುರುತಿನ ಜೊತೆಗಿರುವ ಸಿಎಂ/ಎಲ್ (ಪರವಾನಗಿ) ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಪರವಾನಗಿ ಯಾರದು, ಚಾಲ್ತಿಯಲ್ಲಿದೆಯೇ ತಿಳಿಯುತ್ತದೆ. 'ವಿಯೆಟ್ನಾಂ' ಎಂಬ ಪದಕ್ಕೆ ಇಂಥ ತಾಳೆ ನೋಡುವ ದಾರಿಯಿಲ್ಲ.

ಊರಿನ ಹೆಸರು ನಿಜಕ್ಕೂ ಬೆಲೆ ಬಾಳುವ ಕಾಲ್ಮರಿ ಒಂದುಂಟು, ಕೊಲ್ಹಾಪುರಿ. ಅದಕ್ಕೆ 2019ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಸೂಚಕ) ನೋಂದಣಿಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರವೂ ಇವೆ. ಇಲ್ಲಿ ಹೆಸರು ಒಂದು ಕೆಲಸದ ಕ್ರಮವನ್ನೇ ಹೇಳುತ್ತದೆ: ತೊಗಟೆ, ಕಾಯಿಗಳಿಂದ ಹದ ಮಾಡಿದ ತೊಗಲು, ಕೈಹೊಲಿಗೆ, ಮೊಳೆ ಇಲ್ಲ. ಆದರೂ ಹೆಸರು ಕೇಳಿ ದುಡ್ಡು ಕೊಡಬೇಡಿ. ಅಂಚು ನೋಡಿ. ತೊಗಲಾದರೆ ಕತ್ತರಿಸಿದ ಅಂಚಿನಲ್ಲಿ ನಾರು ಕಾಣುತ್ತದೆ, ರೆಕ್ಸಿನ್ ಆದರೆ ಮೇಲೆ ಪ್ಲಾಸ್ಟಿಕ್ ಪೊರೆ, ಕೆಳಗೆ ಬಟ್ಟೆ. ಹೊಸದರಲ್ಲಿ ಹೆಬ್ಬೆರಳ ಉಂಗುರ ಬಿಗಿಯಾಗಿ ಕಚ್ಚುತ್ತದೆ. ವಾರ ದಿನ ಉಂಗುರಕ್ಕೂ ಪಟ್ಟಿಗೂ ತುಸು ಕೊಬ್ಬರಿ ಎಣ್ಣೆ ಸವರಿ, ದಿನಕ್ಕೆ ಅರ್ಧ ಗಂಟೆ ಮನೆಯೊಳಗೇ ಮೆಟ್ಟಿ ಓಡಾಡಿ. ಮಳೆಯಲ್ಲಿ ತೊಯ್ದರೆ ನೆರಳಲ್ಲಿ ಒಣಗಿಸಿ, ಬಿಸಿಲಿಗಿಟ್ಟರೆ ಅಟ್ಟೆ ಸೆಟೆದು ಮೇಲಕ್ಕೆ ಬಾಗುತ್ತದೆ.